ವರ್ಷದ ಟೆಸ್ಟ್ ತಂಡವನ್ನು ಆರಿಸುವ ಮಹನೀಯರಿಗೆ

ಮಾನ್ಯ ವಿಮರ್ಶಕರೆ, ಅಂಕಣಕಾರರೆ, ಆಟದಿಂದ ನಿವೃತ್ತರಾಗಿ ಈಗ ಲೇಖನಿಯನ್ನೋ ಧ್ವನಿವರ್ಧಕವನ್ನೋ ಹಿಡಿದಿರುವ ಹಿರಿಯ ಆಟಗಾರರೆ,

ಡಿಸೆಂಬರ್ ಮಾಸದ ಕೊನೆಯ ಟೆಸ್ಟ್ ಪಂದ್ಯ ಮುಗಿದು, ಮೆಲ್ಬರ್ನಿನಲ್ಲಿ ಅಂಪೈರರು ಬೇಲ್ಸುಗಳನ್ನು ತೆಗೆದಿರಿಸಿದ ಮೇಲೆ ಹೆಚ್ಚು ದಿನಗಳು ಕಳೆಯುವ ಮುನ್ನವೇ, ಆ ವರ್ಷದ ಶ್ರೇಷ್ಠ ಟೆಸ್ಟ್ ತಂಡವಿದು ಎಂದು ಹನ್ನೊಂದು ಹೆಸರುಗಳನ್ನು ತಾವು ಲೋಕದ ಮುಂದಿಡುವ ಪದ್ಧತಿಯೊಂದು ಬೆಳೆದು ಬಂದಿದೆ. ಆ ತಂಡ ಎಂದೂ ಮೈದಾನಕ್ಕೆ ಇಳಿಯುವುದಿಲ್ಲ. ಅದರ ನಾಯಕನು ನಾಣ್ಯ ಚಿಮ್ಮುವುದಿಲ್ಲ. ಅದಕ್ಕೆ ಸೋಲೂ ಇಲ್ಲ, ಗೆಲುವೂ ಇಲ್ಲ. ಹೀಗಿದ್ದರೂ ತಮ್ಮ ಈ ಕಾರ್ಯವನ್ನು ಕೇವಲ ಕಾಲಕ್ಷೇಪವೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಮೂವತ್ತು ವರ್ಷಗಳ ತರುವಾಯ, 2024ರಲ್ಲಿ ಟೆಸ್ಟ್ ಕ್ರಿಕೆಟ್ ಹೇಗಿತ್ತೆಂದು ತಿಳಿಯಬಯಸುವ ಬಾಲಕನೊಬ್ಬನು ಐವತ್ತಕ್ಕೂ ಮಿಕ್ಕಿದ ಪಂದ್ಯಗಳ ಸ್ಕೋರ್ ಪಟ್ಟಿಗಳನ್ನೆಲ್ಲ ತಿರುವಿ ಹಾಕುವನೆಂದು ನಿರೀಕ್ಷಿಸಲಾಗದು. ಅವನ ಕಣ್ಣಿಗೆ ಮೊದಲು ಬೀಳುವುದು ತಮ್ಮ ಪಟ್ಟಿ, ಮತ್ತು ಆ ಪಟ್ಟಿಯಲ್ಲಿ ಇಲ್ಲದವನು ಅವನ ಪಾಲಿಗೆ ಆ ವರ್ಷ ಆಡಿಯೇ ಇಲ್ಲ. ಇಷ್ಟು ದೊಡ್ಡ ಹೊಣೆಯನ್ನು ಹೊತ್ತವರಲ್ಲಿ ಒಂದು ವಿಜ್ಞಾಪನೆಯನ್ನು ಬಹಿರಂಗವಾಗಿಯೇ ಮಾಡಿಕೊಳ್ಳುವುದು ಉಚಿತವೆಂದು ಬಗೆದು ಈ ಪತ್ರವನ್ನು ಬರೆಯುತ್ತಿದ್ದೇನೆ.

ಮಾತಿಗೆ ಆಧಾರವಾಗಿ 2024ನೆಯ ವರ್ಷವನ್ನೇ ತೆಗೆದುಕೊಳ್ಳುತ್ತೇನೆ. ಆ ವರ್ಷಕ್ಕಾಗಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು ಪ್ರಕಟಿಸಿದ ತಂಡದಲ್ಲಿ ಯಶಸ್ವಿ ಜೈಸ್ವಾಲ್, ಬೆನ್ ಡಕೆಟ್, ಕೇನ್ ವಿಲಿಯಮ್ಸನ್, ಜೋ ರೂಟ್, ಹ್ಯಾರಿ ಬ್ರೂಕ್, ಕಮಿಂದು ಮೆಂಡಿಸ್, ವಿಕೆಟ್ ಕೀಪರ್ ಜೇಮಿ ಸ್ಮಿತ್, ರವೀಂದ್ರ ಜಡೇಜ, ನಾಯಕ ಪ್ಯಾಟ್ ಕಮಿನ್ಸ್, ಮ್ಯಾಟ್ ಹೆನ್ರಿ ಮತ್ತು ಜಸ್‌ಪ್ರೀತ್ ಬುಮ್ರಾ ಇದ್ದರು. ತಮ್ಮಲ್ಲಿ ಅನೇಕರು ತಂತಮ್ಮ ಪತ್ರಿಕೆಗಳಲ್ಲಿ ಬರೆದ ತಂಡಗಳೂ ಒಂದೆರಡು ಹೆಸರುಗಳ ಅಂತರದಿಂದ ಇದನ್ನೇ ಹೋಲುತ್ತಿದ್ದವು. ಈ ಹನ್ನೊಂದು ಮಂದಿಯಲ್ಲಿ ಅನರ್ಹನಾದವನು ಒಬ್ಬನೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಆಕ್ಷೇಪವಿರುವುದು ಆರಿಸುವ ಕ್ರಮದ ಬಗೆಗೆ. ನಮ್ಮ ಹಳ್ಳಿಗಳ ಕಣದಲ್ಲಿ ಧಾನ್ಯವನ್ನು ಕೊಳಗದಿಂದ ಅಳೆಯುವುದೂ ಉಂಟು, ತಕ್ಕಡಿಯಲ್ಲಿ ತೂಗುವುದೂ ಉಂಟು. ಕೊಳಗಕ್ಕೆ ಗಟ್ಟಿಕಾಳೂ ಜೊಳ್ಳೂ ಒಂದೇ, ತಕ್ಕಡಿಗೆ ಅವೆರಡೂ ಬೇರೆ ಬೇರೆ. ತಾವು ವರ್ಷದ ರನ್ನುಗಳನ್ನೂ ವಿಕೆಟ್ಟುಗಳನ್ನೂ ಅಳೆಯುತ್ತಿದ್ದೀರಿ. ಅವುಗಳನ್ನು ತೂಗಬೇಕೆಂಬುದು ನನ್ನ ಪ್ರಾರ್ಥನೆ.

ಅಳತೆಯಲ್ಲಿ ಆಗುವ ಅನ್ಯಾಯಕ್ಕೆ ಮೊದಲನೆಯ ಕಾರಣ ಪಂದ್ಯಗಳ ಹಂಚಿಕೆಯಲ್ಲಿಯೇ ಇದೆ. 2024ರಲ್ಲಿ ಇಂಗ್ಲೆಂಡ್ 17 ಟೆಸ್ಟ್ ಪಂದ್ಯಗಳನ್ನು ಆಡಿತು, ಭಾರತ 15; ಅದೇ ವರ್ಷ ಶ್ರೀಲಂಕಾ ಆಡಿದ್ದು 10, ವೆಸ್ಟ್ ಇಂಡೀಸ್ 9. ಜೋ ರೂಟರ 1556 ರನ್ನುಗಳೂ ಜೈಸ್ವಾಲರ 1478 ರನ್ನುಗಳೂ ಅವರವರ ಪ್ರತಿಭೆಗೆ ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲದಿದ್ದರೂ, ಆ ಮೊತ್ತಗಳೊಳಗೆ ಅವರ ಕ್ರಿಕೆಟ್ ಸಂಸ್ಥೆಗಳ ಐಶ್ವರ್ಯವೂ ಸೇರಿಕೊಂಡಿದೆಯೆಂಬುದನ್ನು ಮರೆಯಬಾರದು. ಐದು ಪಂದ್ಯಗಳ ಸರಣಿ ಭಾರತ, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳ ನಡುವೆ ಮಾತ್ರ ಉಳಿದುಕೊಂಡಿರುವ ಈ ಕಾಲದಲ್ಲಿ, ಎರಡು ಪಂದ್ಯಗಳ ಸರಣಿಯನ್ನಾಡಿ ಮನೆಗೆ ಮರಳುವ ದೇಶದ ಆಟಗಾರನು ಒಟ್ಟು ಮೊತ್ತದ ಪಂದ್ಯದಲ್ಲಿ ಆರಂಭದಿಂದಲೇ ಸೋತವನು.

ಕಮಿಂದು ಮೆಂಡಿಸರನ್ನು ತಾವು ಮರೆಯಲಿಲ್ಲವೆಂಬುದು ನನಗೆ ನಿಜವಾಗಿಯೂ ಸಂತೋಷದ ವಿಷಯ. ಆದರೆ ಅವರನ್ನು ಮರೆಯದಿರಲು ಅವರು ಎಷ್ಟು ಮಾಡಬೇಕಾಯಿತೆಂಬುದನ್ನು ಸ್ವಲ್ಪ ಆಲೋಚಿಸಬೇಕು. 2022ರಲ್ಲಿ ಗಾಲೆಯಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲನೆಯ ಟೆಸ್ಟಿನಲ್ಲಿ 61 ರನ್ನು ಗಳಿಸಿದ ಈ ಯುವಕ ಎರಡನೆಯ ಟೆಸ್ಟಿಗಾಗಿ ಸುಮಾರು 20 ತಿಂಗಳು ಕಾಯಬೇಕಾಯಿತು. 2024ರ ಮಾರ್ಚಿಯಲ್ಲಿ ಸಿಲ್ಹೆಟ್ಟಿನಲ್ಲಿ ಬಾಂಗ್ಲಾದೇಶದೆದುರು ಅವರು ಕ್ರೀಸಿಗೆ ಬಂದಾಗ ಶ್ರೀಲಂಕಾ 57 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ನಾಯಕ ಧನಂಜಯ ಡಿ ಸಿಲ್ವರೊಡನೆ ಇನ್ನೂರಕ್ಕೂ ಮೀರಿದ ಜೊತೆಯಾಟವಾಡಿ, ಇಬ್ಬರೂ 102ರಂತೆ ಗಳಿಸಿದರು. ಎರಡನೆಯ ಇನಿಂಗ್ಸಿನಲ್ಲಿ ರಾತ್ರಿ ಕಾವಲಿನ ಆಟಗಾರನನ್ನು ಮುಂದೆ ಕಳುಹಿಸಿದ್ದರಿಂದ ಎಂಟನೆಯವರಾಗಿ ಬಂದ ಕಮಿಂದು, 126ಕ್ಕೆ 6 ಎಂಬ ಸ್ಥಿತಿಯಿಂದ ತಂಡವನ್ನು ಮೇಲೆತ್ತಿ 164 ರನ್ನು ಹೊಡೆದರು. ಏಳನೆಯ ಅಥವಾ ಅದಕ್ಕಿಂತ ಕೆಳಗಿನ ಕ್ರಮಾಂಕದಲ್ಲಿ ಆಡಿ ಎರಡೂ ಇನಿಂಗ್ಸುಗಳಲ್ಲಿ ಶತಕ ಹೊಡೆದವರು ಅವರಿಗಿಂತ ಮೊದಲು ಟೆಸ್ಟ್ ಚರಿತ್ರೆಯಲ್ಲಿ ಯಾರೂ ಇರಲಿಲ್ಲ. ತರುವಾಯ ಮ್ಯಾಂಚೆಸ್ಟರಿನಲ್ಲಿ ಒಂದು ಶತಕ, ಗಾಲೆಯಲ್ಲಿ ನ್ಯೂಜಿಲೆಂಡಿನೆದುರು ಎರಡು; ಸಹಸ್ರ ರನ್ನುಗಳನ್ನು ಪೂರೈಸಲು ಅವರಿಗೆ ಬೇಕಾದ ಇನಿಂಗ್ಸುಗಳು 13, ಬ್ರಾಡ್ಮನ್ನರಿಗೆ ಬೇಕಾದಷ್ಟೇ. ಒಂಬತ್ತು ಪಂದ್ಯಗಳ ಅವಕಾಶವುಳ್ಳವನು ತಮ್ಮ ಪಟ್ಟಿಗೆ ಬರಬೇಕಾದರೆ ಬ್ರಾಡ್ಮನ್ನನ ಪಕ್ಕದಲ್ಲಿ ನಿಲ್ಲಬೇಕು. ಹದಿನೇಳು ಪಂದ್ಯಗಳುಳ್ಳವನಿಗೆ 37ರ ಸರಾಸರಿಯೂ ಸಾಕಾಗುತ್ತದೆ. ಡಕೆಟರ ಮೇಲೆ ನನಗೆ ಅಸಮಾಧಾನವಿಲ್ಲ. ರಾಜಕೋಟೆಯಲ್ಲಿ ಅವರು ಹೊಡೆದ 153 ಭಾರತದ ಸ್ಪಿನ್ನರುಗಳನ್ನು ಕಂಗೆಡಿಸಿತ್ತು, ಮುಲ್ತಾನಿನ ತಿರುಗುವ ನೆಲದಲ್ಲಿ ಅವರ ಶತಕ ಇನ್ನೂ ಶ್ಲಾಘ್ಯವಾದುದು; ನಾನೂ ಅವರನ್ನೇ ಆರಿಸುವೆನು, ಆದರೆ ಈ ಎರಡು ಇನಿಂಗ್ಸುಗಳಿಗಾಗಿ ಆರಿಸುವೆನೇ ಹೊರತು 1149 ಎಂಬ ಮೊತ್ತಕ್ಕಾಗಿ ಅಲ್ಲ.

ತೂಗುವುದೆಂದರೇನೆಂಬುದನ್ನು ಕನ್ನಡಿಗರಿಗೆ ಬಹಳ ವಿವರಿಸಿ ಹೇಳಬೇಕಾಗಿಲ್ಲ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಚೆಂಡನ್ನು ಎದೆಯೆತ್ತರಕ್ಕೆ ಚಿಮ್ಮಿಸುತ್ತ 64 ರನ್ನುಗಳಿಗೆ 7 ವಿಕೆಟ್ಟುಗಳನ್ನು ಉರುಳಿಸಿದ ದಿನ, ಭಾರತ ಗಳಿಸಿದ 190ರಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಪಾಲು ಔಟಾಗದೆ 97. ಕೊನೆಯ ವಿಕೆಟ್ ಬಿದ್ದಾಗ ಶತಕಕ್ಕೆ ಮೂರು ರನ್ನು ಕಡಮೆ. ವರ್ಷದ ಶತಕಗಳ ಪಟ್ಟಿಯಲ್ಲಿ ಆ ಇನಿಂಗ್ಸಿಗೆ ಸ್ಥಾನವೇ ಇಲ್ಲ. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತೆಂಬುದನ್ನೂ, ಅದನ್ನು ನೋಡಿದವರು ಅರ್ಧ ಶತಮಾನದ ಬಳಿಕವೂ ಆ ಸ್ಕ್ವೇರ್ ಕಟ್ಟುಗಳನ್ನು ಒಂದೊಂದಾಗಿ ವರ್ಣಿಸಬಲ್ಲರೆಂಬುದನ್ನೂ ಪಟ್ಟಿ ಹೇಳುವುದಿಲ್ಲ. ಎದುರಾಳಿ ಯಾರು, ನೆಲ ಎಂತಹದು, ಸ್ಕೋರು ಎಷ್ಟಾಗಿದ್ದಾಗ ಬಂದನು, ಅವನು ಹೋಗಿದ್ದರೆ ಪಂದ್ಯವೇನಾಗುತ್ತಿತ್ತು, ಎಂಬೀ ಪ್ರಶ್ನೆಗಳನ್ನು ಕೇಳಿಕೊಂಡೇ ಆಟವನ್ನು ನೋಡುವ ಅಭ್ಯಾಸ ನಮಗೆ ಆ ಇನಿಂಗ್ಸಿನಿಂದ ಬಂದದ್ದು.

ಈ ಪ್ರಶ್ನೆಗಳನ್ನು ಹಿಡಿದುಕೊಂಡು 2024ರ ಅಕ್ಟೋಬರಿನ ಮುಲ್ತಾನಿಗೆ ಹೋಗೋಣ. ಮೊದಲನೆಯ ಟೆಸ್ಟಿನಲ್ಲಿ ಪಾಕಿಸ್ತಾನ 556 ರನ್ನು ಗಳಿಸಿತು. ಅದಕ್ಕೆ ಇಂಗ್ಲೆಂಡ್ 7 ವಿಕೆಟ್ಟಿಗೆ 823 ರನ್ನು ಹೊಡೆದು ಡಿಕ್ಲೇರ್ ಮಾಡಿಕೊಂಡಿತು. ಬ್ರೂಕರು 317, ರೂಟರು 262, ಅವರಿಬ್ಬರ ನಡುವೆ 454ರ ಜೊತೆಯಾಟ. ಚೆಂಡು ತಿರುಗದ, ಏಳದ, ಬೌಲರನ ಶ್ರಮಕ್ಕೆ ಕಿಂಚಿತ್ತೂ ಕನಿಕರ ತೋರದ ನೆಲವದು. ಪಾಕಿಸ್ತಾನ ಇನಿಂಗ್ಸ್ ಮತ್ತು 47 ರನ್ನುಗಳಿಂದ ಸೋತಿತು. ಮೊದಲ ಇನಿಂಗ್ಸಿನಲ್ಲಿ ಐನೂರು ದಾಟಿಯೂ ಇನಿಂಗ್ಸ್ ಸೋಲನ್ನುಂಡ ತಂಡ ಅದಕ್ಕೆ ಹಿಂದೆ ಇರಲಿಲ್ಲ. ಕೆಲವೇ ದಿನಗಳಲ್ಲಿ ಅದೇ ಊರಿನಲ್ಲಿ, ಅದೇ ಪಿಚ್ಚಿನ ಮೇಲೆ, ದೊಡ್ಡ ದೊಡ್ಡ ಬೀಸಣಿಗೆಗಳನ್ನಿಟ್ಟು ಒಣಗಿಸಿದ ಆ ಸವೆದ ನೆಲದ ಮೇಲೆ, ಎರಡನೆಯ ಟೆಸ್ಟ್ ನಡೆಯಿತು. 38 ವರ್ಷದ ಎಡಗೈ ಸ್ಪಿನ್ನರ್ ನೊಮಾನ್ ಅಲಿ ಮತ್ತು ಆಫ್ ಸ್ಪಿನ್ನರ್ ಸಾಜಿದ್ ಖಾನ್ ಇಬ್ಬರೇ ಇಂಗ್ಲೆಂಡಿನ ಇಪ್ಪತ್ತೂ ವಿಕೆಟ್ಟುಗಳನ್ನು ಹಂಚಿಕೊಂಡರು. 1972ರಲ್ಲಿ ಲಾರ್ಡ್ಸಿನಲ್ಲಿ ಲಿಲ್ಲಿ ಮತ್ತು ಮ್ಯಾಸಿ ಮಾಡಿದ ಮೇಲೆ ಅಂತಹದನ್ನು ಯಾರೂ ಮಾಡಿರಲಿಲ್ಲ. ಕೊನೆಯ ಇನಿಂಗ್ಸಿನಲ್ಲಿ ಮೂರನೆಯ ಬೌಲರನ ಕೈಗೆ ಚೆಂಡೇ ಹೋಗಲಿಲ್ಲ. ನೊಮಾನರು 46 ರನ್ನಿಗೆ 8 ವಿಕೆಟ್ ಪಡೆದರು. ಬೆನ್ ಸ್ಟೋಕ್ಸ್ ಮುನ್ನುಗ್ಗಿ ಬೀಸಿದಾಗ ಬ್ಯಾಟು ಕೈತಪ್ಪಿ ದೂರಕ್ಕೆ ಹಾರಿಹೋಗಿ, ಬರಿಗೈಯಲ್ಲಿ ನಿಂತ ನಾಯಕನನ್ನು ಹಿಂದಿನಿಂದ ರಿಜ್ವಾನ್ ಸ್ಟಂಪ್ ಮಾಡಿದ ದೃಶ್ಯವನ್ನು ತಾವೂ ನೋಡಿರುವಿರಿ. ಚೆಂಡು ಎಷ್ಟು ಮೋಸಗೊಳಿಸಿತ್ತೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಕೆ? ಮುಂದೆ ರಾವಲ್ಪಿಂಡಿಯಲ್ಲಿಯೂ ಇಪ್ಪತ್ತರಲ್ಲಿ ಹತ್ತೊಂಬತ್ತು ಇವರದೇ. ಸರಣಿ ಪಾಕಿಸ್ತಾನದ ಪಾಲಾಯಿತು. ಎಂಟುನೂರರ ನೆಲದಲ್ಲಿ ಮೆರೆದ ಬ್ರೂಕರೂ ರೂಟರೂ ಈ ಎರಡು ಪಂದ್ಯಗಳ ನಾಲ್ಕು ಇನಿಂಗ್ಸುಗಳಲ್ಲಿ ಒಂದು ಅರ್ಧಶತಕವನ್ನೂ ಕಾಣಲಿಲ್ಲ.

ಇಲ್ಲಿ ತಮ್ಮ ಪಟ್ಟಿಯ ಮಹಾ ದೋಷ ನನಗೆ ಕಾಣುತ್ತದೆ. 317 ಪಟ್ಟಿಯೊಳಗೆ ಬಂದಿತು, 46ಕ್ಕೆ 8 ಹೊರಗೆ ಉಳಿಯಿತು. ಬ್ರೂಕರು ಪಟ್ಟಿಯಲ್ಲಿರಲು ಯೋಗ್ಯರೇ ಸರಿ. ಆದರೆ ಅದು ವೆಲಿಂಗ್ಟನ್ನಿನಲ್ಲಿ 43 ರನ್ನಿಗೆ 4 ವಿಕೆಟ್ ಹೋಗಿದ್ದಾಗ ಅವರು ಹೊಡೆದ 123ಕ್ಕಾಗಿ, ಮುಲ್ತಾನಿನ ತ್ರಿಶತಕಕ್ಕಾಗಿ ಅಲ್ಲ. ನೊಮಾನರು ಆ ವರ್ಷ ಆಡಿದ್ದು ಎರಡೇ ಪಂದ್ಯಗಳಲ್ಲವೆ, ಎರಡು ಪಂದ್ಯದವನನ್ನು ವರ್ಷದ ತಂಡಕ್ಕೆ ಹೇಗೆ ತೆಗೆದುಕೊಳ್ಳುವುದು ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅವರಿಗಾಗಿಯೇ ಹದಗೊಳಿಸಿದ ನೆಲವದೆಂಬುದನ್ನೂ ನಾನು ಮರೆಮಾಚುವುದಿಲ್ಲ. ಆದರೆ ಎರಡು ಪಂದ್ಯಗಳಲ್ಲಿ 20 ವಿಕೆಟ್ ಪಡೆದು, ಸೋತು ಕುಳಿತಿದ್ದ ಒಂದು ದೇಶಕ್ಕೆ ಸರಣಿಯನ್ನು ಮರಳಿ ತಂದುಕೊಟ್ಟವನ ಎರಡು ಪಂದ್ಯಗಳು, ಒಂದು ವರ್ಷದ ಅರ್ಥವನ್ನು ಇತರರ ಹದಿನೈದು ಪಂದ್ಯಗಳಿಗಿಂತ ಹೆಚ್ಚು ತಿಳಿಸಬಲ್ಲವು. ಅಷ್ಟೇ ಅಲ್ಲದೆ, ಪುಣೆಯಲ್ಲಿ ನ್ಯೂಜಿಲೆಂಡಿನ ಸ್ಯಾಂಟ್ನರ್ 13 ವಿಕೆಟ್, ಮುಂಬಯಿಯಲ್ಲಿ ಅಜಾಜ್ ಪಟೇಲ್ 11 ವಿಕೆಟ್ ಪಡೆದು ಭಾರತವನ್ನು ಭಾರತದಲ್ಲಿಯೇ ಮಣಿಸಿದ ವರ್ಷದಲ್ಲಿ, ಚೆಪಾಕಿನ ಒಂದೇ ಪಂದ್ಯದಲ್ಲಿ ಶತಕವನ್ನೂ ಆರು ವಿಕೆಟ್ಟುಗಳನ್ನೂ ಸಾಧಿಸಿದ ಅಶ್ವಿನ್ 537 ವಿಕೆಟ್ಟುಗಳೊಂದಿಗೆ ನಿವೃತ್ತರಾದ ವರ್ಷದಲ್ಲಿ, ಮೂವರು ವೇಗಿಗಳ ಜೊತೆಗೆ ಸ್ಪಿನ್ನಿಗೆ ಜಡೇಜರೊಬ್ಬರನ್ನೇ ನೆಚ್ಚಿಕೊಂಡ ತಂಡ ವಾಂಖೆಡೆಯಲ್ಲಿ ಆಡಿದ್ದರೆ ಏನಾಗುತ್ತಿತ್ತು? ಪ್ರಸನ್ನ, ಚಂದ್ರಶೇಖರರ ಊರಿನವನಿಗೆ ಸ್ಪಿನ್ನಿನ ಮೇಲೆ ಪಕ್ಷಪಾತವಿರುವುದು ಸಹಜವೆಂದು ಯಾರಾದರೂ ಹೇಳಿದರೆ, ಹೌದೆನ್ನುತ್ತೇನೆ. ಆದರೆ 2024ರ ಏಷ್ಯದ ಪಂದ್ಯಗಳೇ ನನ್ನ ಪಕ್ಷವನ್ನು ವಹಿಸಿ ಮಾತಾಡುತ್ತವೆ.

ಬೆಂಗಳೂರಿನ ಮಾತು ಬಂದಾಗ ಅಕ್ಟೋಬರ್ 17ನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಹಿಂದಿನ ದಿನವೆಲ್ಲ ಮಳೆ. ಆ ಬೆಳಗ್ಗೆಯೂ ಮೋಡ ಕವಿದ ಆಕಾಶ. ನ್ಯೂಜಿಲೆಂಡಿನೆದುರು ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡ ಭಾರತ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 46 ರನ್ನಿಗೆ ಕುಸಿಯಿತು. ತವರಿನಲ್ಲಿ ಅಷ್ಟು ಕಡಮೆ ಮೊತ್ತಕ್ಕೆ ಭಾರತ ಎಂದೂ ಬಿದ್ದಿರಲಿಲ್ಲ. ಐವರು ಸೊನ್ನೆಗೆ ಮರಳಿದರು. ಮ್ಯಾಟ್ ಹೆನ್ರಿ 15 ರನ್ನಿಗೆ 5 ವಿಕೆಟ್, ಎತ್ತರದ ವಿಲಿಯಮ್ ಒ’ರೂರ್ಕ್ 22ಕ್ಕೆ 4. ಸರ್ಫರಾಜ್ ಎತ್ತಿ ಹೊಡೆದ ಚೆಂಡನ್ನು ಮಿಡಾಫಿನಲ್ಲಿ ಕಾನ್ವೇ ಪಕ್ಕಕ್ಕೆ ಹಾರಿ ಒಂದೇ ಕೈಯಲ್ಲಿ ಹಿಡಿದಾಗ ಗ್ಯಾಲರಿಗಳಲ್ಲಿದ್ದ ಜನ, ತಮ್ಮ ತಂಡ ಮುಳುಗುತ್ತಿದ್ದರೂ, ಮೆಚ್ಚುಗೆಯನ್ನು ತಡೆದುಕೊಳ್ಳಲಾರದಾದರು. ತರುವಾಯ ಅದೇ ನೆಲದಲ್ಲಿ 134 ರನ್ನು ಹೊಡೆದವರು ಬೆಂಗಳೂರಿನಿಂದ ವಲಸೆ ಹೋದ ತಾಯಿತಂದೆಗಳ ಮಗ ರಚಿನ್ ರವೀಂದ್ರ. ನ್ಯೂಜಿಲೆಂಡ್ 1988ರ ತರುವಾಯ ಭಾರತದಲ್ಲಿ ಗೆದ್ದ ಮೊದಲ ಟೆಸ್ಟ್ ಅದು. ಮುಂದೆ ಸರಣಿ 3-0. ಹೆನ್ರಿ ಆ ವರ್ಷ ಒಂಬತ್ತು ಟೆಸ್ಟುಗಳಲ್ಲಿ 48 ವಿಕೆಟ್ ಪಡೆದರೆಂಬುದು ಸರಿಯೇ, ಆದರೆ ಅವರ ಹೆಸರಿನ ಮುಂದೆ ಬರೆಯಬೇಕಾದುದು ಆ 15ಕ್ಕೆ 5.

ವಿಲಿಯಮ್ಸನ್ನರ ವಿಷಯದಲ್ಲಿ ತೂಕ ಸ್ವಲ್ಪ ಕಠಿಣವಾಗುತ್ತದೆ. ಅವರ ದೇಶದ ಅತಿದೊಡ್ಡ ವಿಜಯವಾದ ಆ ಮೂರು ಟೆಸ್ಟುಗಳಲ್ಲಿ ಅವರು ಗಾಯಗೊಂಡು ಮನೆಯಲ್ಲಿದ್ದರು. ಫೆಬ್ರವರಿಯಲ್ಲಿ ಅವರು ಹೊಡೆದ ಮೂರು ಶತಕಗಳು, ತನ್ನ ಪ್ರಮುಖ ಆಟಗಾರರನ್ನೆಲ್ಲ ಸ್ವದೇಶದ ಟ್ವೆಂಟಿ-ಟ್ವೆಂಟಿ ಲೀಗಿಗೆ ಬಿಟ್ಟುಕೊಟ್ಟು, ಟೆಸ್ಟ್ ಆಡದ ಹಲವರನ್ನು ತುಂಬಿಕೊಂಡು ಬಂದ ದಕ್ಷಿಣ ಆಫ್ರಿಕದ ವಿರುದ್ಧ. ಆದರೂ ಹ್ಯಾಮಿಲ್ಟನ್ನಿನ ನಾಲ್ಕನೆಯ ಇನಿಂಗ್ಸಿನಲ್ಲಿ 267 ರನ್ನುಗಳ ಗುರಿಯನ್ನು ಬೆನ್ನಟ್ಟಿ ಔಟಾಗದೆ ಹೊಡೆದ 133, ಎದುರಾಳಿ ಯಾರೇ ಇದ್ದರೂ ಭಾರವುಳ್ಳದ್ದು. ಅವರು ಇರಲಿ.

ವಿಕೆಟ್ ಕೀಪರನ ಸ್ಥಾನದಲ್ಲಿ ನಾನು ತಮ್ಮಿಂದ ಬೇರೆಯಾಗುತ್ತೇನೆ. ಜೇಮಿ ಸ್ಮಿತ್ ಮುಂದೆ ದೊಡ್ಡ ಆಟಗಾರರಾಗುವುದರಲ್ಲಿ ಸಂಶಯವಿಲ್ಲ. ಆದರೆ ಕಿರ್ಮಾನಿಯವರ ಕೈಗವಸುಗಳನ್ನು ನೋಡಿ ಬೆಳೆದ ನಮಗೆ, ಕೀಪರನನ್ನು ಮೊದಲು ಗೂಟಗಳ ಹಿಂದೆ ಪರೀಕ್ಷಿಸಿ ಆಮೇಲೆ ಮುಂದೆ ಪರೀಕ್ಷಿಸಬೇಕೆನ್ನಿಸುತ್ತದೆ. ಕ್ರೈಸ್ಟ್‌ಚರ್ಚಿನಲ್ಲಿ ಮಾರ್ಚಿ ತಿಂಗಳಿನಲ್ಲಿ ಅಲೆಕ್ಸ್ ಕೇರಿ ಒಂದೇ ಟೆಸ್ಟಿನಲ್ಲಿ ಹತ್ತು ಕ್ಯಾಚುಗಳನ್ನು ಹಿಡಿದು, 279ರ ಗುರಿಯೆದುರು ಆಸ್ಟ್ರೇಲಿಯ 80 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸುತ್ತಿದ್ದಾಗ ಬಂದು, ಪಂದ್ಯ ಗೆಲ್ಲುವವರೆಗೂ ನಿಂತರು. ಔಟಾಗದೆ 98. ಇದೂ ಶತಕಗಳ ಪಟ್ಟಿಗೆ ಸೇರದೆ ಹೋದ ಇನಿಂಗ್ಸೇ.

ಬುಮ್ರಾ ವಿಷಯದಲ್ಲಿ ಮಾತ್ರ ಅಳತೆಯೂ ತೂಕವೂ ಒಂದಾಗುತ್ತವೆ. 13 ಟೆಸ್ಟ್, 71 ವಿಕೆಟ್, ಸರಾಸರಿ ಹದಿನೈದಕ್ಕಿಂತ ಕಡಮೆ. ಮೆಲ್ಬರ್ನಿನಲ್ಲಿ ಇನ್ನೂರನೆಯ ವಿಕೆಟ್ಟನ್ನು ಮುಟ್ಟಿದಾಗ, ಇಪ್ಪತ್ತಕ್ಕಿಂತ ಕಡಮೆ ಸರಾಸರಿಯಲ್ಲಿ ಆ ಮೈಲಿಗಲ್ಲನ್ನು ದಾಟಿದ ಪ್ರಥಮರಾದರು. ಆದರೂ ನನ್ನ ಮನಸ್ಸಿನಲ್ಲಿ ನಿಂತಿರುವುದು ವಿಶಾಖಪಟ್ಟಣದ ಒಂದು ಚೆಂಡು. ವಾರದ ಹಿಂದೆಯಷ್ಟೇ ಹೈದರಾಬಾದಿನಲ್ಲಿ 196 ರನ್ನು ಹೊಡೆದು ಭಾರತವನ್ನು ಸೋಲಿಸಿದ್ದ ಆಲಿ ಪೋಪ್ ಎದುರಿಗೆ. ವೇಗಿಗಳಿಗೆ ಹೆಚ್ಚಿನದೇನನ್ನೂ ಕೊಡದ ನೆಲ. ಹಳೆಯದಾಗಿ ಒಂದು ಮೈ ಒರಟಾದ ಚೆಂಡು. ಗಾಳಿಯಲ್ಲಿ ಹೊರಗಿನಿಂದ ಒಳಕ್ಕೆ ಬಾಗಿ, ಪೋಪರ ಕಾಲಿನ ಬುಡದಲ್ಲಿ ಬಿದ್ದ ಆ ಯಾರ್ಕರಿಗೆ ಅವರ ಬ್ಯಾಟು ಕೆಳಗಿಳಿಯುವ ಮುನ್ನವೇ ಗೂಟಗಳು ಕಿತ್ತು ಹಾರಿದ್ದವು. ಸ್ಪಿನ್ನರುಗಳ ನಾಡಿನಲ್ಲಿ ವೇಗದ ಬೌಲರನೊಬ್ಬ 45ಕ್ಕೆ 6 ಪಡೆದು ಸರಣಿಯನ್ನು ತಿರುಗಿಸಿದ ದಿನವದು. ನವೆಂಬರಿನಲ್ಲಿ ಪರ್ತಿನಲ್ಲಿ ರೋಹಿತರ ಗೈರುಹಾಜರಿಯಲ್ಲಿ ನಾಯಕತ್ವ ವಹಿಸಿ, ತವರಿನಲ್ಲಿ 3-0 ಸೋತು ಬಂದ ತಂಡ 150ಕ್ಕೆ ಆಲೌಟಾದ ಮೇಲೆ, ತಾವೇ 30 ರನ್ನಿಗೆ 5 ವಿಕೆಟ್ ಪಡೆದು ಆಸ್ಟ್ರೇಲಿಯವನ್ನು 104ಕ್ಕೆ ಕಟ್ಟಿಹಾಕಿ, 295 ರನ್ನುಗಳಿಂದ ಗೆದ್ದುಕೊಟ್ಟರು. ಆದುದರಿಂದ ನನ್ನ ತಂಡದ ನಾಯಕತ್ವವನ್ನು ಬುಮ್ರಾ ಅವರಿಗೇ ಒಪ್ಪಿಸುತ್ತೇನೆ. ಕಮಿನ್ಸ್ ಮಹಾ ನಾಯಕರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕ್ರೈಸ್ಟ್‌ಚರ್ಚಿನಲ್ಲಿ ಕೇರಿಯ ಜೊತೆ ಕೊನೆಯವರೆಗೆ ನಿಂತವರೂ ಅವರೇ. ಆದರೆ ನೊಮಾನರಿಗೆ ಸ್ಥಳ ಬೇಕು, ಮೂವರು ವೇಗಿಗಳಲ್ಲಿ ಒಬ್ಬರು ಇಳಿಯಬೇಕು, ಮತ್ತು ಬೆಂಗಳೂರಿನ ಆ ಬೆಳಗನ್ನು ಕಂಡವನು ಹೆನ್ರಿಯನ್ನು ಇಳಿಸಲಾರನು. ಈ ನಿರ್ಣಯ ನನಗೆ ನೋವಿನದೇ.

ಹೀಗೆ ತೂಗಿದಾಗ ಜೈಸ್ವಾಲ್, ಡಕೆಟ್, ವಿಲಿಯಮ್ಸನ್, ರೂಟ್, ಬ್ರೂಕ್, ಕಮಿಂದು, ಕೇರಿ, ಜಡೇಜ, ಹೆನ್ರಿ, ಬುಮ್ರಾ ಮತ್ತು ನೊಮಾನ್ ನನಗೆ ದೊರೆಯುತ್ತಾರೆ. ತಮ್ಮ ತಂಡಕ್ಕೂ ಇದಕ್ಕೂ ವ್ಯತ್ಯಾಸ ಎರಡೇ ಹೆಸರುಗಳದು. ಅಷ್ಟಕ್ಕೆ ಇಷ್ಟು ದೀರ್ಘವಾದ ಪತ್ರವೇಕೆಂದು ಕೇಳುವವರಿಗೆ, ಉಳಿದ ಒಂಬತ್ತು ಮಂದಿಯೂ ಬೇರೆ ಕಾರಣಗಳಿಂದ ಬಂದವರೆಂದು ಉತ್ತರ ಕೊಡುತ್ತೇನೆ. ನನ್ನ ಪ್ರಾರ್ಥನೆಯೂ ಇದನ್ನೇ ಕುರಿತದ್ದು. ಮುಂದಿನ ವರ್ಷ ತಂಡವನ್ನು ಪ್ರಕಟಿಸುವಾಗ ಪ್ರತಿಯೊಂದು ಹೆಸರಿನ ಮುಂದೆ ಒಟ್ಟು ಮೊತ್ತದ ಬದಲು ಒಂದು ಇನಿಂಗ್ಸನ್ನೋ ಒಂದು ಸ್ಪೆಲ್ಲನ್ನೋ ಬರೆಯಿರಿ. ಎಲ್ಲಿ, ಯಾರೆದುರು, ಯಾವ ಸ್ಥಿತಿಯಲ್ಲಿ ಎಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸಿರಿ. ಬರೆಯಲು ಅಂತಹದೊಂದೂ ದೊರೆಯದಿದ್ದರೆ ಆ ಹೆಸರನ್ನು ಮತ್ತೊಮ್ಮೆ ಯೋಚಿಸಿರಿ. ಮತ್ತು ಹನ್ನೆರಡನೆಯ ಸ್ಥಾನವೊಂದನ್ನು, ವರ್ಷದಲ್ಲಿ ಒಂದೇ ಒಂದು ಸಲ ಆಟದ ಗತಿಯನ್ನೇ ಬದಲಿಸಿದವನಿಗಾಗಿ ತೆಗೆದಿರಿಸಿರಿ.

2024ಕ್ಕೆ ಆ ಸ್ಥಾನ ಶಮಾರ್ ಜೋಸೆಫರದು. 26 ರನ್ನಿಗೆ 6 ವಿಕೆಟ್ ಬಿದ್ದಿದ್ದಾಗ ರಾವಲ್ಪಿಂಡಿಯಲ್ಲಿ 138 ರನ್ನು ಹೊಡೆದು, ಪಾಕಿಸ್ತಾನದ ಮೇಲೆ ಬಾಂಗ್ಲಾದೇಶದ ಮೊದಲ ಸರಣಿ ವಿಜಯಕ್ಕೆ ಕಾರಣರಾದ ಲಿಟನ್ ದಾಸರೂ ನನ್ನ ಮನಸ್ಸಿನಲ್ಲಿದ್ದಾರೆ. ಆದರೂ ಶಮಾರರ ಹೆಸರೇ ಮೊದಲು ನಾಲಗೆಗೆ ಬರುತ್ತದೆ. ಗಯಾನದ ಕಾಂಜೆ ನದಿಯ ಮೇಲೆ ದೋಣಿಯಲ್ಲಿ ಮಾತ್ರ ತಲುಪಬಹುದಾದ ಬಾರಾಕಾರಾ ಎಂಬ ಹಳ್ಳಿಯವರು, ಕಾವಲುಗಾರನ ಕೆಲಸ ಮಾಡಿ ಬಂದವರು, ತಮ್ಮ ಎರಡನೆಯ ಟೆಸ್ಟನ್ನು ಆಡುತ್ತಿದ್ದವರು. ಬ್ರಿಸ್ಬೇನಿನಲ್ಲಿ ಮಿಚೆಲ್ ಸ್ಟಾರ್ಕರ ಯಾರ್ಕರು ಕಾಲ್ಬೆರಳಿಗೆ ಬಡಿದು ನೆಲಕ್ಕುರುಳಿದ್ದ ಅವರು ಮರುದಿನ ಮೈದಾನಕ್ಕೆ ಬರುವರೆಂದು ಯಾರೂ ನಂಬಿರಲಿಲ್ಲ. 216ರ ಗುರಿಯೆದುರು ಆಸ್ಟ್ರೇಲಿಯ 113ಕ್ಕೆ 2 ಎಂದು ನೆಮ್ಮದಿಯಾಗಿದ್ದಾಗ ವಿಕೆಟ್ ಬೀಳಿಸತೊಡಗಿ, ಆ ಕಾಲಿನಲ್ಲಿಯೇ ಬಿಡುವಿಲ್ಲದೆ ಓಡಿ ಬಂದು 68 ರನ್ನಿಗೆ 7 ವಿಕೆಟ್ ಕಿತ್ತರು. ಒಂದು ತುದಿಯಲ್ಲಿ ಸ್ಟೀವ್ ಸ್ಮಿತ್ 91 ರನ್ನುಗಳೊಂದಿಗೆ ಔಟಾಗದೆ ಉಳಿದರು; ಇನ್ನೊಂದು ತುದಿಯಲ್ಲಿ ಹೇಜಲ್‌ವುಡ್ಡರ ಗೂಟ ಉರುಳಿತು. ವೆಸ್ಟ್ ಇಂಡೀಸ್ 8 ರನ್ನುಗಳಿಂದ ಗೆದ್ದಿತು. ಆಸ್ಟ್ರೇಲಿಯದ ನೆಲದಲ್ಲಿ 1997ರ ಬಳಿಕ ಅದರ ಮೊದಲ ಟೆಸ್ಟ್ ವಿಜಯ. ಅದೇ ವರ್ಷ ವೆಸ್ಟ್ ಇಂಡೀಸಿಗೆ ದೊರೆತ ಟೆಸ್ಟುಗಳು ಒಂಬತ್ತೇ ಎಂಬುದನ್ನು ಆ ಹನ್ನೆರಡನೆಯ ಹೆಸರಿನ ಪಕ್ಕದಲ್ಲಿ ತಾವು ತಪ್ಪದೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಕ್ರಿಕೆಟ್ ಪ್ರೇಮಿ